ಒಂಟಿ ಕಾಲಿನ ಹೊಲಿಗೆ

ಮೂರನೇ ಮೆಶಿನಿನ ಮೇಲಿದ್ದ ಬಟ್ಟೆಯ ಆನೆಯನ್ನು ಮಾಲೀಕರ ಹೆಂಡತಿ ಕೇಳದೆ ಎತ್ತಿಕೊಂಡು ಹೋದರು. ಹತ್ತು ದಿನದ ಮೇಲೆ ಅದಕ್ಕೆ ಮೊದಲ ಬಹುಮಾನ ಬಂತು. ಆನೆಯ ಕಾಲ ಬುಡದಲ್ಲಿಟ್ಟ ಚೀಟಿಯಲ್ಲಿ ‘ತಯಾರಿಸಿದವರು’ ಎಂಬಲ್ಲಿ ಅವರ ಹೆಸರಿತ್ತು.

ನಮ್ಮದು ಹನ್ನೆರಡು ಮೆಶಿನಿನ ಹೊಲಿಗೆ ಶೆಡ್ಡು. ಶಾಲೆ ಮಕ್ಕಳ ಯೂನಿಫಾರ್ಮು, ಆಸ್ಪತ್ರೆಯ ಹೊದಿಕೆ, ಹೋಟೆಲಿನವರ ಏಪ್ರನ್ನು, ಯಾವುದು ಬಂದರೂ ಹೊಲಿಯುತ್ತೇವೆ. ಇರುವುದು ಒಂದೇ ಕಿಟಕಿ. ಅದಕ್ಕೂ ಮೊಳೆ ಹೊಡೆದಿದ್ದಾರೆ, ತೆರೆದರೆ ನಾವು ಹೊರಗೆ ನೋಡುತ್ತೇವಂತೆ. ಹಾಜರಿ ಹಲಗೆಯ ಮೇಲೆ ಮೆಶಿನ್ ನಂಬರು ಮಾತ್ರ ಬರೆಯುವುದರಿಂದ ನಾವು ಆ ನಂಬರುಗಳನ್ನೇ ನೆಂಟಸ್ತಿಕೆ ಮಾಡಿಕೊಂಡುಬಿಟ್ಟೆವು. ಒಂದನೇ ಮೆಶಿನಿನ ಮುದುಕಿ ಒಂದಜ್ಜಿ. ಮೂರನೆಯದರಲ್ಲಿ ಕೂತವಳು ಮೂರಕ್ಕ. ನಾನು ಬರೀ ನಾಲ್ಕು. ಬಾಯಿ ಜಾಸ್ತಿ ಇರುವವರಿಗೆ ಅಕ್ಕ ತಂಗಿ ಅಂತ ಬಾಲ ಬೇಡವಂತೆ. ಮೇಲ್ವಿಚಾರಕನಿಗೆ ನಾವು ಇಟ್ಟ ಹೆಸರು ಟೇಪಣ್ಣ. ಅವನ ಕೊರಳಲ್ಲಿ ಅಳತೆ ಟೇಪು ಸದಾ ನೇತಾಡುತ್ತಿರುತ್ತದೆ. ಅದರಿಂದ ಅವನು ಏನನ್ನಾದರೂ ಅಳೆದದ್ದನ್ನು ಕಂಡವರಿಲ್ಲ.

ಆನೆಯ ಕಥೆ ಹೇಳಬೇಕು. ಮೂರಕ್ಕನ ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದವಳು. ಇಪ್ಪತ್ತೆರಡು ವರ್ಷ ಒಂದೇ ನೀಲಿ ಕೋಟು ತೊಟ್ಟಳು. ಕೊನೆಗೆ ಅದೇ ಆಸ್ಪತ್ರೆಗೆ ಮಲಗಲು ಹೋದವಳು ಮನೆಗೆ ಬರಲಿಲ್ಲ, ಕೋಟು ಬಂತು. ಅಜ್ಜಿ ಎಲ್ಲಿ ಎಂದು ಮೊಮ್ಮಗಳು ಕೋಟಿನ ಜೇಬಿಗೆ ಕೈಹಾಕಿ ಹುಡುಕುವುದನ್ನು ನೋಡಲಾರದೆ, ಒಂದು ರಜೆಯ ದಿನ ಮೂರಕ್ಕ ಹಳೇ ಪತ್ರಿಕೆಯ ಮೇಲೆ ಆನೆಯ ನಕ್ಷೆ ಬರೆದು, ಅದರಂತೆ ಕೋಟನ್ನು ಕತ್ತರಿಸಿದಳು. ಮೈಗೆ ಎರಡು ತುಂಡು, ಹೊಟ್ಟೆಯ ಕೆಳಗೆ ಒಂದು ಪಟ್ಟಿ, ಕಿವಿಗೆ ನಾಲ್ಕು. ಬಟ್ಟೆಯ ಒಳಮೈ ಹೊರಗೆ ಮಾಡಿ ಹೊಲಿದು, ನಾಲ್ಕು ಬೆರಳಷ್ಟು ಬಾಯಿ ಬಿಟ್ಟು, ಅಲ್ಲಿಂದಲೇ ಇಡೀ ಆನೆಯನ್ನು ತಿರುಗಿಸಿ, ಮೊಂಡು ಪೆನ್ಸಿಲಿನಿಂದ ಚಿಂದಿ ತುಂಬಿದಳು. ಚಿಂದಿ ನಮ್ಮ ಶೆಡ್ಡಿನ ನೆಲದ್ದು. ಕಸಕ್ಕೆ ಹೋಗುವುದು.

ಕಿವಿಗೆ ತಾತನ ಪಟ್ಟೆಪಟ್ಟೆ ಪೈಜಾಮ. ಬಾಲಕ್ಕೆ ಮೂರು ದಾರದ ಜಡೆ. ಕಣ್ಣಿಗೆ ಕೋಟಿನ ಗುಂಡಿಗಳು, ಒಂದು ಬಿಳಿ, ಒಂದು ಕಪ್ಪು. ಕಪ್ಪು ಗುಂಡಿಯನ್ನು ಅಮ್ಮ ಎಂದೋ ಅವಸರದಲ್ಲಿ ಕೆಂಪು ದಾರದಲ್ಲಿ ಹಾಕಿಕೊಂಡಿದ್ದಳಂತೆ. ಮೂರಕ್ಕ ಕಣ್ಣಿಗೂ ಅದೇ ಕೆಂಪು ದಾರ ಬಳಸಿದಳು. ಕೋಟಿನ ಜೇಬನ್ನು ಬಿಚ್ಚದೆ ಹಾಗೇ ಹೊಟ್ಟೆಗೆ ಬರುವಂತೆ ಕತ್ತರಿಸಿದ್ದಳು. ಮುಚ್ಚಳವಿದ್ದ ಜೇಬು, ಒಳಗೆ ಟಿಚ್ ಬಟನ್ನು. ಹೊರಗಿನಿಂದ ನೋಡಿದರೆ ಬರೀ ಅಲಂಕಾರ ಅನ್ನಿಸುತ್ತದೆ. ಅವಳ ಏಳು ವರ್ಷದ ಮಗಳು ತನ್ನ ಮೊದಲು ಬಿದ್ದ ಹಾಲುಹಲ್ಲನ್ನು ಅದರೊಳಗೆ ಇಟ್ಟಿದ್ದಳು. ಅಜ್ಜಿಗೆ ತೋರಿಸಲು.

ಸೊಂಡಿಲು ಹಿಡಿದು ಎಳೆದಾಡಿ ಎಳೆದಾಡಿ ಅದರ ಬುಡದಲ್ಲಿ ಹೊಲಿಗೆ ಬಿಟ್ಟಿತು. ಊಟದ ಹೊತ್ತಿನಲ್ಲಿ ಎರಡು ಹೊಲಿಗೆ ಹಾಕೋಣ ಎಂದು ಮೂರಕ್ಕ ಶೆಡ್ಡಿಗೆ ತಂದಳು. ಆನೆ ಆಪರೇಶನ್ನಿಗೆ ಹೋಗಿದೆ, ಸಂಜೆ ಬರುತ್ತೆ ಎಂದು ಮಗಳಿಗೆ ಹೇಳಿ ಬಂದಿದ್ದಳು. ನಾವು ಕೈತೊಳೆಯಲು ಹೋಗಿ ಬರುವಷ್ಟರಲ್ಲಿ ಮೇಡಂ, ಅಂದರೆ ಮಾಲೀಕರ ಹೆಂಡತಿ, ಯಾರೋ ಅತಿಥಿಗಳನ್ನು ಕರೆದುಕೊಂಡು ಶೆಡ್ಡು ತೋರಿಸಲು ಬಂದಿದ್ದರು, ಹೋಗಿದ್ದರು. ಆನೆಯೂ ಹೋಗಿತ್ತು.

ಹತ್ತು ದಿನ ಆಪರೇಶನ್ ನಡೆಯಿತು.

ಹನ್ನೊಂದನೆಯ ದಿನ ಟೇಪಣ್ಣ ಮೊಬೈಲಿನಲ್ಲಿ ಫೋಟೋ ತೋರಿಸಿದ. ‘ರಜೆಗೊಂದು ಕೈಕೆಲಸ’ ಪ್ರದರ್ಶನ, ಬಹುಮಾನದ ಕಪ್ ಹಿಡಿದ ಮೇಡಂ, ಪಕ್ಕದಲ್ಲಿ ಆನೆ.

“ನಮ್ಮ ಮೇಡಂ ಸ್ವಂತ ಕೈಯಾರೆ ಮಾಡಿದ್ದು,” ಅಂದ ಅವನು, ತಾನೇ ಹಡೆದಷ್ಟು ಹೆಮ್ಮೆಯಿಂದ.

ಒಂದಜ್ಜಿ ಕನ್ನಡಕ ಹಣೆಗೇರಿಸಿ ನೋಡಿದಳು. “ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೆಸರು ನಮ್ಮದು, ಮೊಸರು ಅವರದ್ದು ಅಂತ ಗಾದೆ ಪೂರ್ತಿ ಹೇಳೋದೇ ಇಲ್ಲ ನೋಡು.”

ಮೂರಕ್ಕ ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದಳು. ಸೊಂಡಿಲಿನ ಬುಡ ಇನ್ನೂ ಬಿಚ್ಚಿಕೊಂಡೇ ಇತ್ತು.

ಕೇಳಲು ಹೋಗಬೇಕೆಂದು ಅವಳು ಧೈರ್ಯ ಕೂಡಿಸಿಕೊಳ್ಳುತ್ತಿರುವಾಗ ಮೇಡಂ ಮನೆಯಿಂದಲೇ ಕರೆ ಬಂತು. ಮೂರನೇ ಮೆಶಿನಿನವಳು ಹೊಲಿಗೆ ಡಬ್ಬಿ ತಗೊಂಡು ಮನೆಗೆ ಬರಬೇಕಂತೆ, ಜೊತೆಗೆ ಒಬ್ಬಳು ಬರಲಿ. ಆ ಒಬ್ಬಳು ನಾನು.

ಮೇಡಂ ಮನೆಯ ಹಾಲಿನಲ್ಲಿ ಕಾಲಿಟ್ಟರೆ ಕಾಲೇ ಕಾಣದಷ್ಟು ದಪ್ಪ ರತ್ನಗಂಬಳಿ. ಗಾಜಿನ ಕಪಾಟಿನಲ್ಲಿ ಬಹುಮಾನದ ಕಪ್, ಅದರ ಪಕ್ಕ ಆನೆ. ಮೇಡಂ ಕೆಟ್ಟವರೆಂದು ನಾನು ಹೇಳುವುದಿಲ್ಲ. ಬೈಯುವವರಲ್ಲ, ಗದರುವವರಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾರೆ. ಕೂದಲು ಯಾರದ್ದು ಅನ್ನುವುದು ಆಮೇಲೆ ಗೊತ್ತಾಗುತ್ತದೆ.

“ಮೇಡಂ, ನನ್ನ ಆನೆ,” ಅಂದಳು ಮೂರಕ್ಕ.

“ನಿನ್ನದೇ ಅಲ್ವೇನಮ್ಮ. ನಮ್ಮನೇಲಿದ್ರೇನು, ನಿಮ್ಮನೇಲಿದ್ರೇನು. ನಾವೆಲ್ಲ ಒಂದೇ ಕುಟುಂಬ.”

“ಹಾಗಾದ್ರೆ ನಮ್ಮನೇಲೇ ಇರ್ಲಿ ಮೇಡಂ.”

ಮೇಡಂ ನಕ್ಕರು. “ನಿನಗೇನಮ್ಮ, ಕೈಯಲ್ಲಿ ಕಲೆ ಇದೆ. ಇನ್ನೊಂದು ಮಾಡ್ಕೋ.”

“ಕೋಟು ಇನ್ನೊಂದಿಲ್ಲ.”

“ಯಾವ ಕೋಟು?”

ಮೂರಕ್ಕ ಹೇಳಿದಳು. ಅಮ್ಮ, ಆಸ್ಪತ್ರೆ, ಪೈಜಾಮ, ಮಗಳು, ಎಲ್ಲ. ಹಲ್ಲಿನ ವಿಷಯ ಮಾತ್ರ ಹೇಳಲಿಲ್ಲ, ಅದು ಮಗಳ ಗುಟ್ಟು. ಮೇಡಂ ಕಣ್ಣಲ್ಲಿ ನೀರು ಬಂತು. ನಿಜವಾಗಿ ಬಂತು, ನಾನು ನೋಡಿದೆ. ಕರವಸ್ತ್ರದಿಂದ ಒರೆಸಿಕೊಂಡು, “ಎಷ್ಟು ಚೆನ್ನಾಗಿದೆ ಈ ಕಥೆ. ಇದನ್ನೂ ಹೇಳ್ಬಹುದು,” ಅಂದರು.

ವಿಷಯ ಇಷ್ಟು. ಬಹುಮಾನ ಕೊಟ್ಟ ಕ್ಲಬ್ಬಿನವರು ಮೇಡಂರನ್ನು ಶನಿವಾರ ಕರೆದಿದ್ದರು. ನಲವತ್ತು ಜನ ಹೆಂಗಸರ ಮುಂದೆ ಆನೆ ಮಾಡಿ ತೋರಿಸಬೇಕು. ಮೇಡಂಗೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ಮೂರು ದಿನದಲ್ಲಿ ಕಲಿಸಬೇಕು.

“ಶನಿವಾರ ಮುಗೀಲಿ. ಭಾನುವಾರ ಬೆಳಿಗ್ಗೆ ಆನೆ ನಿನ್ನ ಕೈಯಲ್ಲಿ. ನಾನು ಮಾತು ಕೊಟ್ರೆ ಕೊಟ್ಟ ಹಾಗೇನೇ.”

ಆನೆ ಮೂರೇ ದಿನಕ್ಕೆ ಸಿಗುತ್ತದಲ್ಲ ಎಂದು ಮೂರಕ್ಕ ಒಪ್ಪಿದಳು. ತನ್ನದು ತನಗೇ ಸಿಗಲು ಕೂಲಿ ಮಾಡುವುದು ನಮಗೇನು ಹೊಸದೇ.

ಮೊದಲ ದಿನ ಅವಳು ಪ್ರಾಮಾಣಿಕವಾಗಿ ಕಲಿಸಿದಳು. ನಾನೇ ಸಾಕ್ಷಿ. ನಕ್ಷೆ ಕತ್ತರಿಸುವುದು, ಎರಡು ತುಂಡಿನ ಮುಖಕ್ಕೆ ಮುಖ ಸೇರಿಸುವುದು, ಬಾಯಿ ಬಿಡುವುದು, ತಿರುಗಿಸುವುದು. “ಮೊದಲು ಸೊಂಡಿಲು ತುಂಬ್ಬೇಕು ಮೇಡಂ, ಆಮೇಲೆ ತಲೆ, ಕೊನೇಲಿ ಹೊಟ್ಟೆ,” ಅಂತ ಹತ್ತು ಸಲ ಹೇಳಿದಳು. ಮೇಡಂ ಹತ್ತು ಸಲವೂ ಮೊದಲು ಹೊಟ್ಟೆ ತುಂಬಿದರು. ಸೊಂಡಿಲು ಒಗೆದ ಕಾಲುಚೀಲದ ಹಾಗೆ ಜೋತುಬಿತ್ತು. ಮೇಡಂ ಮಾಡಿದ ಪ್ರಾಣಿಯನ್ನು ಅವರ ನಾಯಿ ಮೂಸಿ ನೋಡಿ ಸೋಫಾದ ಕೆಳಗೆ ಹೋಯಿತು.

ಎರಡನೆಯ ದಿನ ಮೇಡಂಗೆ ಅನುಮಾನ ಬಂತು.

“ಇಷ್ಟೇನಾ?”

“ಇಷ್ಟೇ ಮೇಡಂ. ಕತ್ತರಿಸೋದು, ಹೊಲಿಯೋದು, ತಿರುಗಿಸೋದು, ತುಂಬೋದು.”

“ಇದನ್ನ ಯಾರು ಬೇಕಾದ್ರೂ ಮಾಡ್ಬಹುದಲ್ಲ.”

“ಅದಕ್ಕೇ ಮೇಡಂ, ನಾವೂ ಮಾಡ್ತೀವಿ.”

“ಹಾಗಲ್ಲ. ಏನೋ ಒಂದು ರಹಸ್ಯ ಇದೆ. ತಲೆತಲಾಂತರದ್ದು. ನಿಮ್ಮಂಥವರ ಮನೇಲಿ ಇರತ್ತೆ, ನಂಗೊತ್ತು. ಅಜ್ಜಿ ಹೇಳ್ಕೊಟ್ಟಿದ್ದು, ಹೊರಗಿನವರಿಗೆ ಹೇಳಬಾರದ್ದು. ನೀನು ಮುಚ್ಚಿಡ್ತಿದ್ದೀಯ. ಇಲ್ದಿದ್ರೆ ನನಗ್ಯಾಕೆ ಬರ್ತಿಲ್ಲ?”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೂರಕ್ಕ ಗಾಜಿನ ಕಪಾಟಿನ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಆ ನೋಟ ನನಗೆ ಗೊತ್ತು. ಹಿಂದೊಮ್ಮೆ ಟೇಪಣ್ಣನನ್ನು ಎಡಗೈ ಸೂಜಿ ತರಲು ಮೂರು ಅಂಗಡಿ ಅಲೆಸಿದ್ದು ಇದೇ ನೋಟ.

“ಹೇಳ್ಬಾರ್ದು ಮೇಡಂ,” ಅಂದಳು, ದನಿ ತಗ್ಗಿಸಿ.

ಮೇಡಂ ತಕ್ಷಣ ನೋಟುಪುಸ್ತಕ ತೆಗೆದರು.

“ಬಟ್ಟೇನ ಕತ್ತರಿಸೋಕೆ ಮುಂಚೆ ಕುರ್ಚಿ ಮೇಲೆ ಹಾಕಿ, ಗೋಡೆ ಕಡೆ ಮುಖ ಮಾಡಿ ಒಂದು ದಿನ ಬಿಡ್ಬೇಕು. ಬಟ್ಟೆಗೆ ನಾಚಿಕೆ ಹೋಗಬೇಕು.”

“ನಾಚಿಕೆ,” ಎಂದು ಬರೆದುಕೊಂಡರು ಮೇಡಂ.

“ದಾರಾನ ಪ್ರತಿ ಸಲ ಎಡಗಿವಿ ಹಿಂದಿನಿಂದ ತರಬೇಕು.”

ನಾನು ಚಿಂದಿ ಆರಿಸುವ ನೆಪದಲ್ಲಿ ತಲೆ ಬಗ್ಗಿಸಿದೆ. ತುಟಿ ಕಚ್ಚಿ ಕಚ್ಚಿ ಊದಿಕೊಂಡಿತು.

“ಬಾಲ ಹೊಲಿಯುವಾಗ ಒಂಟಿ ಕಾಲಲ್ಲಿ ನಿಲ್ಲಬೇಕು ಮೇಡಂ. ಇಲ್ದಿದ್ರೆ ಆನೆ ನೆಟ್ಟಗೆ ನಿಲ್ಲಲ್ಲ.”

“ಯಾವ ಕಾಲು?”

ಇದು ಮೂರಕ್ಕನಿಗೆ ಹೊಳೆದಿರಲಿಲ್ಲ. “ನಿಮಗೆ ಯಾವುದು ಜಾಸ್ತಿ ಇಷ್ಟಾನೋ ಅದನ್ನ ಎತ್ತಿಡಿ,” ಅಂದಳು.

“ಇನ್ನೊಂದು ಉಂಟು. ಅದು ತುಂಬಾ ಗುಟ್ಟು. ಕಿವಿ ಹೊಲಿಯೋಕೆ ಮುಂಚೆ ಆನೆ ಕಿವೀಲಿ ಒಂದು ನಿಜ ಹೇಳ್ಬೇಕು. ನಿಮ್ಮ ಬಗ್ಗೆ. ಸುಳ್ಳು ಹೇಳಿದ್ರೆ ಕಿವಿ ಸೊಟ್ಟ ಬರತ್ತೆ.”

ಮೇಡಂ ಆನೆಯ ಕಿವಿಗೆ ಬಾಗಿ ಏನೋ ಪಿಸುಗುಟ್ಟಿ ಹೊಲಿದರು. ಕಿವಿ ಸೊಟ್ಟ ಬಂತು. ಇನ್ನೊಮ್ಮೆ ಪಿಸುಗುಟ್ಟಿದರು, ಇನ್ನೂ ಸೊಟ್ಟ. ಮೂರನೆಯ ಸಲ ಕಿವಿ ಕತ್ತಿನ ಹತ್ತಿರ ಹೋಗಿ ಕೂತಿತು. ಹೊಲಿಗೆ ಬಾರದವರ ಕಿವಿ ಎಲ್ಲಿ ನೆಟ್ಟಗಿರುತ್ತದೆ. ಮೇಡಂ ಮಾತ್ರ ಬೆವೆತುಹೋದರು. ನಮ್ಮನ್ನು ನೋಡಿದ ರೀತಿಯಲ್ಲೇ, ಮೂರು ಸಲ ಸುಳ್ಳು ಹೇಳಿದ್ದು ಆನೆಗೆ ಗೊತ್ತಾಗಿಹೋಯಿತೆಂದು ನಂಬಿದ್ದು ಕಾಣುತ್ತಿತ್ತು.

ಶನಿವಾರ ಬಂತು. ಕ್ಲಬ್ಬಿನ ಹಾಲಿನಲ್ಲಿ ಒಂದು ಉದ್ದ ಮೇಜು, ನೆಲದವರೆಗೆ ಇಳಿಬಿಟ್ಟ ಬಿಳಿ ಮೇಜುಬಟ್ಟೆ. ಮೇಜಿನ ಹಿಂದೆ, ಎಲ್ಲರಿಗೂ ಕಾಣುವ ಹಾಗೆ, ಮೇಡಂ. ಮೇಜಿನ ಕೆಳಗೆ ನಾನು ಮತ್ತು ಮೂರಕ್ಕ, ಮಂಡಿ ಮಡಚಿ, ತಲೆ ತಗ್ಗಿಸಿ. ನಮ್ಮ ಹತ್ತಿರ ಹಂತ ಹಂತವಾಗಿ ಮುಗಿಸಿದ ಆನೆಗಳಿದ್ದವು. ಕತ್ತರಿಸಿದ ಆನೆ, ಹೊಲಿದ ಆನೆ, ತುಂಬಿದ ಆನೆ, ಕಿವಿ ಬಂದ ಆನೆ. ಮೇಡಂ ಒಂದು ಹಂತ ಶುರುಮಾಡಿ, ‘ಈಗ ನೋಡಿ’ ಅನ್ನುತ್ತಲೇ ಕೆಳಗೆ ಕೈ ಬಿಡಬೇಕು, ನಾವು ಮುಂದಿನ ಆನೆ ಇಡಬೇಕು. ಇಡೀ ಸಮಾಜ ನಡೆಯುವ ರೀತಿಯೇ ಇದು ಎಂದು ಕತ್ತಲಲ್ಲಿ ನಾನು ಹೇಳಿದೆ. “ಭಾಷಣ ಆಮೇಲೆ ಮಾಡು, ಬಾಲ ಕೊಡು,” ಅಂದಳು ಮೂರಕ್ಕ.

ಮೇಜುಬಟ್ಟೆಯ ಸಂದಿಯಿಂದ ನಮಗೆ ಕಾಣುತ್ತಿದ್ದದ್ದು ಚಪ್ಪಲಿಗಳು ಮಾತ್ರ. ಹಿಮ್ಮಡಿ ಎತ್ತರದವು, ಮುತ್ತು ಹಚ್ಚಿದವು, ಹಾವಿನ ಚರ್ಮದಂಥವು, ಒಟ್ಟು ಎಂಬತ್ತು. ನಲವತ್ತು ಜನಕ್ಕೂ ಬಟ್ಟೆ, ಸೂಜಿ ಹಂಚಿದ್ದರು. ಮೇಡಂ ಎಡಗಿವಿಯ ಹಿಂದಿನಿಂದ ದಾರ ತಂದಾಗ ಹಾಲಿನ ತುಂಬ ಓಲೆ, ಬಳೆಗಳು ಕಿಣಿಕಿಣಿ ಅಂದವು. ಯಾರೂ ಯಾಕೆ ಎಂದು ಕೇಳಲಿಲ್ಲ. ದೊಡ್ಡವರು ಮಾಡಿದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲ.

“ಈಗ ಬಾಲ,” ಅಂದರು ಮೇಡಂ. “ಎಲ್ಲರೂ ಎದ್ದು ನಿಲ್ಲಿ. ಒಂದು ಕಾಲು ಎತ್ತಿ. ನಿಮಗೆ ಯಾವ ಕಾಲು ಜಾಸ್ತಿ ಇಷ್ಟಾನೋ ಅದು.”

ನಮ್ಮ ಕಣ್ಣೆದುರಿಗೆ ಎಂಬತ್ತು ಚಪ್ಪಲಿ ನಲವತ್ತಾದವು.

ನಾನು ಮೂರಕ್ಕನ ಹೆಗಲನ್ನು ಕಚ್ಚಿಕೊಂಡೆ. ಅವಳು ಚಿಂದಿಯ ಉಂಡೆಯೊಂದನ್ನು ಬಾಯಿಗೆ ತುರುಕಿಕೊಂಡಳು. ಅಲ್ಲೊಂದು ಚಪ್ಪಲಿ ತೂರಾಡಿತು, ಇಲ್ಲೊಂದು ಕುಂಟಿತು, ಯಾರೋ ಪಕ್ಕದವಳನ್ನು ಹಿಡಿದುಕೊಂಡರು, ಪಕ್ಕದವಳು ಇನ್ನೊಬ್ಬಳನ್ನು. ಮೇಜು ಅಲ್ಲಾಡುತ್ತಿದ್ದದ್ದು ನಮ್ಮ ನಗುವಿಗೆ. ಮೇಲಿದ್ದವರಿಗೆ ಅದು ಮೇಡಂನ ಏಕಾಗ್ರತೆ ಅನ್ನಿಸಿರಬೇಕು.

ಆಮೇಲೆ ಕಿವಿ. ಮೇಡಂ ನಿಜ ಹೇಳುವ ನಿಯಮ ವಿವರಿಸಿ, ಆನೆಯ ಕಿವಿಗೆ ಬಾಗಿದರು. ಮನೆಯಲ್ಲಿ ಮೂರು ಸಲ ಸೊಟ್ಟ ಬಂದಿತ್ತಲ್ಲ, ಈ ಸಲ ಸುಳ್ಳು ಹೇಳುವ ಧೈರ್ಯ ಅವರಿಗಿರಲಿಲ್ಲ. ಅವರ ಕಾಲರಿಗೆ ಸಿಕ್ಕಿಸಿದ್ದ ಪುಟ್ಟ ಮೈಕು ಮಾತ್ರ ಅವರಿಗೆ ಮರೆತುಹೋಗಿತ್ತು.

“ನನಗೆ ಹೊಲಿಗೆ ಬರಲ್ಲ,” ಅಂತು ಹಾಲಿನ ನಾಲ್ಕೂ ಮೂಲೆಯ ಸ್ಪೀಕರು. “ಬಹುಮಾನ ಬಂದ ಆನೆ ಮಾಡಿದ್ದು ನಾನಲ್ಲ. ನಮ್ಮ ಮೂರನೇ ಮೆಶಿನಿನವಳು.”

ಚಪ್ಪಲಿಗಳೆಲ್ಲ ನಿಂತಲ್ಲೇ ನಿಂತವು. ಮೂರಕ್ಕ ನನ್ನ ಕೈ ಹಿಡಿದಳು. ಆಯಿತು, ಬಂತು ಆನೆ ಮನೆಗೆ, ಅಂದುಕೊಂಡೆ.

ಒಂದು ಜೊತೆ ಕೈ ಚಪ್ಪಾಳೆ ತಟ್ಟಿತು. ಆಮೇಲೆ ಇನ್ನೊಂದು. ಆಮೇಲೆ ಇಡೀ ಹಾಲು.

“ಎಂಥ ವಿನಯ,” ಅಂದಿತು ಮುತ್ತು ಹಚ್ಚಿದ ಚಪ್ಪಲಿ.

“ಕೆಲಸದವರ ಹೆಸರು ಹೇಳೋಕೆ ಎಷ್ಟು ದೊಡ್ಡ ಮನಸ್ಸು ಬೇಕು,” ಅಂದಿತು ಹಾವಿನ ಚರ್ಮ. ಹೆಸರು ಯಾರೂ ಹೇಳಿರಲಿಲ್ಲ. ನಂಬರು ಹೇಳಿದ್ದರು.

ಮೇಲಿನಿಂದ ಮೇಡಂನ ಕೈ ಕೆಳಗೆ ಬಂತು. ಮೂರಕ್ಕ ಕಿವಿ ಹೊಲಿದ ಆನೆಯನ್ನು ಕೊಟ್ಟಳು. ಕಿವಿ ನೆಟ್ಟಗಿತ್ತು. ಅವಳೇ ಹೊಲಿದದ್ದು, ನೆಟ್ಟಗಿರದೆ ಏನು. ಮೇಡಂ ಅದನ್ನು ಎತ್ತಿ ಹಿಡಿದು ಬಿಕ್ಕಿದರು. ನಿಜ ಹೇಳಿದ್ದಕ್ಕೇ ನೆಟ್ಟಗೆ ಬಂತು ಎಂಬ ಅವರ ನಂಬಿಕೆಯನ್ನು ಇನ್ನು ಯಾರೂ ಅಲುಗಿಸಲು ಸಾಧ್ಯವಿರಲಿಲ್ಲ.

ಮೂರಕ್ಕ ಬಾಯಿಂದ ಚಿಂದಿ ತೆಗೆದಳು. “ಇವರಿಗೆ ನಿಜ ಕೊಟ್ರೂ ಅದನ್ನೇ ಹಾರ ಮಾಡಿ ತಾವೇ ಹಾಕ್ಕೊಳ್ತಾರೆ,” ಅಂದಳು.

ಭಾನುವಾರ ಆನೆ ಬರಲಿಲ್ಲ. ಸೋಮವಾರ ಬಂತು, ಗಾಜಿನ ಪೆಟ್ಟಿಗೆಯೊಳಗೆ ಕೂತು, ನಮ್ಮ ಶೆಡ್ಡಿನ ಮುಂದಿನ ಆಫೀಸಿಗೆ. ಈಗದು ಸಂಸ್ಥೆಯ ಗುರುತು, ಒಬ್ಬರ ಸ್ವತ್ತಲ್ಲ, ನಮ್ಮೆಲ್ಲರ ಹೆಮ್ಮೆ ಎಂದು ಮೇಡಂ ಹೇಳಿಕಳಿಸಿದ್ದರು. ಪೆಟ್ಟಿಗೆಗೆ ಬೀಗ. ಬೀಗದ ಕೈ ಟೇಪಣ್ಣನ ಸೊಂಟದಲ್ಲಿ. ಜೊತೆಗೆ ಒಂದು ಆದೇಶ: ವರ್ಷದ ಕೊನೆಗೆ ಗಿರಾಕಿಗಳಿಗೆಲ್ಲ ಉಡುಗೊರೆ ಕೊಡಲು ಇನ್ನೂರು ಆನೆ, ‘ಸಾಂಪ್ರದಾಯಿಕ ವಿಧಾನ’ದಲ್ಲಿ.

ಟೇಪಣ್ಣ ಅಚ್ಚುಹಾಕಿಸಿದ ಹಾಳೆಯನ್ನು ಗೋಡೆಗೆ ಅಂಟಿಸಿ ಓದಿದ. “ಒಂದು, ಬಟ್ಟೆಯ ನಾಚಿಕೆ ಬಿಡಿಸತಕ್ಕದ್ದು. ಎರಡು, ದಾರವನ್ನು ಎಡಗಿವಿಯ ಹಿಂದಿನಿಂದ ತರತಕ್ಕದ್ದು. ಮೂರು, ಬಾಲ ಹೊಲಿಯುವಾಗ ಒಂಟಿ ಕಾಲಿನಲ್ಲಿ ನಿಲ್ಲತಕ್ಕದ್ದು. ನಾಲ್ಕು, ಕಿವಿ ಹೊಲಿಯುವ ಮುಂಚೆ ಆನೆಯ ಕಿವಿಯಲ್ಲಿ ಒಂದು ನಿಜ ಹೇಳತಕ್ಕದ್ದು.”

ಹನ್ನೊಂದು ತಲೆಗಳು ಮೂರಕ್ಕನ ಕಡೆ ತಿರುಗಿದವು.

“ಮಾಡಿದ್ದುಣ್ಣೋ ಮಹರಾಯ ಅಂತ ಕೇಳಿದ್ದೆ,” ಅಂದಳು ಒಂದಜ್ಜಿ. “ನೀನು ಮಾಡಿದ್ದನ್ನ ನಾವೂ ಉಣ್ಬೇಕಾ?”

“ಸರ್, ಅದು ತಮಾಷೆಗೆ ಹೇಳಿದ್ದು,” ಅಂದಳು ಮೂರಕ್ಕ. “ನಾನೇ ಕಟ್ಟಿದ್ದು.”

ಟೇಪಣ್ಣ ಹಾಳೆಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. “ಅಚ್ಚಾಗಿದೆ,” ಅಂದ. “ಅಚ್ಚಾದದ್ದು ತಮಾಷೆ ಹೇಗಾಗುತ್ತೆ?”

ಆ ದಿನ ಮೊದಲ ಬಾರಿಗೆ ಅವನ ಕೊರಳಿನ ಟೇಪು ಕೆಳಗಿಳಿಯಿತು. ಎತ್ತಿದ ಕಾಲು ನೆಲದಿಂದ ಆರು ಇಂಚು ಇರಬೇಕೆಂದು ತಾನೇ ತೀರ್ಮಾನಿಸಿ, ಒಬ್ಬೊಬ್ಬರ ಹಿಂದೆ ಮಂಡಿಯೂರಿ ಅಳೆದ. ಒಂದಜ್ಜಿಯ ಹತ್ತಿರ ಬಂದಾಗ ಅವಳು ಬಗ್ಗಿ ಹೇಳಿದಳು, “ನೋಡಪ್ಪಾ, ನನ್ನ ಎರಡು ಕಾಲೂ ಸೇರಿದ್ರೂ ಒಂದು ಕಾಲಿನ ಕೆಲಸ ಮಾಡಲ್ಲ. ಅದರಲ್ಲಿ ಯಾವುದನ್ನ ಎತ್ಲಿ?” ಟೇಪಣ್ಣ ಯೋಚಿಸಿ, ವಯಸ್ಸಿನ ರಿಯಾಯಿತಿ ಎಂದು ಅವಳಿಗೆ ಮೂರು ಇಂಚು ಬರೆದುಕೊಂಡ.

ನಾಲ್ಕನೆಯ ನಿಯಮ ಅವನಿಗೆ ಕಷ್ಟವಾಯಿತು. ಆನೆಯ ಕಿವಿಯಲ್ಲಿ ನಿಜ ಹೇಳಿದ್ದಾರೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ. ಅವನು ಒಂದು ರಿಜಿಸ್ಟರು ತಂದ. ನಾವು ಜೋರಾಗಿ ಹೇಳಬೇಕು, ಅವನು ಬರೆದುಕೊಳ್ಳಬೇಕು, ಆನೆಗೆ ಒಂದರಂತೆ. ಕೇಳಬೇಕೇ. ಹನ್ನೆರಡು ಬಾಯಿ, ಇನ್ನೂರು ಆನೆ.

“ಹೆಂಗಸರ ಕಕ್ಕಸಿನ ಬಾಗಿಲಿಗೆ ಚಿಲಕ ಇಲ್ಲ. ನಾನು ಹಾಡು ಹೇಳ್ಕೊಂಡು ಕೂತ್ಕೋತೀನಿ.”

“ಕಿಟಕಿಗೆ ಹೊಡೆದ ಮೊಳೆ ಹನ್ನೊಂದು. ನಾನು ದಿನಾ ಎಣಿಸ್ತೀನಿ.”

“ನಾನು ಮೇಲ್ವಿಚಾರಕರು ನಕ್ಕಾಗ ನಗ್ತೀನಿ. ನಂಗೆ ನಗು ಬಂದಿರಲ್ಲ.”

ಟೇಪಣ್ಣ ತಲೆ ಎತ್ತದೆ ಬರೆದುಕೊಂಡ. ಸಹಿ ಹಾಕಿದ. ಹೇಳುತ್ತ ಹೇಳುತ್ತ ನಮಗೂ ಉಮೇದು ಬಂತು. ಇಷ್ಟು ವರ್ಷ ಯಾರೂ ಕೇಳದ ಮಾತನ್ನು ಈಗ ಅಧಿಕೃತವಾಗಿ, ತಾರೀಕು ಹಾಕಿ ಬರೆದುಕೊಳ್ಳುತ್ತಿದ್ದರಲ್ಲ. ಮೂರಕ್ಕ ಮಾತ್ರ ಪ್ರತಿ ಆನೆಗೂ ಒಂದೇ ಮಾತು ಹೇಳಿದಳು: “ಗಾಜಿನ ಪೆಟ್ಟಿಗೇಲಿರೋದು ನನ್ನದು.” ಹದಿನಾರು ಆನೆ, ಹದಿನಾರು ಸಲ. ಟೇಪಣ್ಣ ಹದಿನಾರು ಸಲ ಸಹಿ ಹಾಕಿದ.

ಒಂದು ಬೆಳಿಗ್ಗೆ ಅವಳು ಬಂದು ಮೆಶಿನಿಗೆ ಎಣ್ಣೆ ಬಿಡುತ್ತಲೇ ಕೂತಿದ್ದಳು. ಏನಾಯಿತೇ ಎಂದು ಕೇಳಿದೆ.

“ನಿನ್ನೆ ಮಗಳು ಕೇಳಿದ್ಲು. ಆನೇನೂ ಆಸ್ಪತ್ರೆಗೆ ಹೋಯ್ತು, ಅಜ್ಜೀನೂ ಆಸ್ಪತ್ರೆಗೆ ಹೋಗಿದ್ಲು. ಇದಕ್ಕೂ ಕೋಟು ಮಾತ್ರ ಬರುತ್ತಾ, ಅಂತ.”

ನನಗೆ ಬಾಯಿ ಜಾಸ್ತಿ ಅನ್ನುತ್ತಾರೆ. ಆ ಹೊತ್ತು ಎಣ್ಣೆಯ ಡಬ್ಬಿಯನ್ನು ಅವಳ ಕೈಯಿಂದ ತಗೊಂಡು ಅವಳ ಮೆಶಿನಿಗೆ ನಾನೇ ಬಿಟ್ಟೆ.

ಇನ್ನೂರು ಆನೆಗಳು ಮುಗಿದು ರಟ್ಟಿನ ಪೆಟ್ಟಿಗೆಗಳಲ್ಲಿ ಸಾಲಾಗಿ ಕೂತ ದಿನ ಕ್ಯಾಮೆರಾದವನು ಬಂದ. ನಮ್ಮ ಕೈಕೆಲಸದ ಬಗ್ಗೆ ವಿಡಿಯೋ. ಕಿಟಕಿಯ ಮೊಳೆ ಕಾಣದ ಹಾಗೆ ಪರದೆ ಕಟ್ಟಿದರು. ಮೇಡಂ ಬಂದರು, ಅಂದವಾಗಿ ಬಂದರು. ಟೇಪಣ್ಣ ಗಾಜಿನ ಪೆಟ್ಟಿಗೆ ತೆರೆದು, ಅಂಗೈ ಮೇಲೆ ಮಗುವಿನ ಹಾಗೆ ಆನೆಯನ್ನಿಟ್ಟುಕೊಂಡು ಬಂದು ಮೂರಕ್ಕನ ಮೆಶಿನಿನ ಮೇಲೆ ಇಟ್ಟ. ಎಲ್ಲಿಂದ ಹೋಗಿತ್ತೋ ಅದೇ ಜಾಗ.

“ಗಮನ ಇಟ್ಟು ಕೇಳು,” ಅಂದ. “ಒಂಟಿ ಕಾಲಲ್ಲಿ ನಿಲ್ಲು. ಆನೆ ಎತ್ಕೋ. ಕಿವೀಲಿ ನಿಜ ಹೇಳು. ಆಮೇಲೆ ಎರಡೂ ಕೈಯಿಂದ ಮೇಡಂಗೆ ಕೊಡು. ಕೊಡುವಾಗ ಮುಗುಳ್ನಗೆ ಇರ್ಲಿ.”

ಮೂರಕ್ಕ ಕೂತಳು. ಎರಡೂ ಪಾದ ನೆಲಕ್ಕೆ ಊರಿ, ಆನೆಯನ್ನು ತೊಡೆಯ ಮೇಲೆ ತೆಗೆದುಕೊಂಡು, ಸೊಂಡಿಲನ್ನು ತಿರುಗಿಸಿ ಬುಡ ನೋಡಿದಳು. ಡಬ್ಬಿಯಿಂದ ಸೂಜಿ ತೆಗೆದಳು.

“ಅದೇನ್ ಮಾಡ್ತಿದ್ದೀಯ?” ಅಂದ ಟೇಪಣ್ಣ.

“ಆಪರೇಶನ್ನು.”

ದಾರ ಕಿವಿಯ ಹಿಂದಿನಿಂದ ಬರಲಿಲ್ಲ, ರೀಲಿನಿಂದ ನೇರ ಬಂತು. ಕ್ಯಾಮೆರಾದವನಿಗೆ ಇದೇ ಕಾರ್ಯಕ್ರಮ ಅನ್ನಿಸಿ ಅವನು ಹತ್ತಿರ ಬಂದು ಚಿತ್ರೀಕರಿಸಿದ. ಮೇಡಂ ಕಾದರು. ಅವಳು ಅವಸರ ಮಾಡಲಿಲ್ಲ. ಬಿಚ್ಚಿದ ಅಂಚನ್ನು ಒಳಗೆ ಮಡಚಿ, ಹೊಲಿಗೆ ಕಾಣದ ಹಾಗೆ ಹನ್ನೆರಡು ಹೊಲಿಗೆ ಹಾಕಿ, ಗಂಟು ಕಟ್ಟಿ, ಹಲ್ಲಿನಿಂದ ದಾರ ಕಡಿದಳು. ಆಮೇಲೆ ಹೊಟ್ಟೆಯ ಜೇಬಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಎತ್ತಿದಳು. ಟಕ್ ಅಂತು. ಮೇಡಂ ಬಗ್ಗಿ ನೋಡಿದರು. ಅಲ್ಲೊಂದು ತೆರೆಯುವ ಜೇಬಿದೆಯೆಂದು ಅವರಿಗೆ ಆವತ್ತೇ ಗೊತ್ತಾದದ್ದು. ಮೂರಕ್ಕನ ಅಂಗೈಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಹಲ್ಲು.

“ಏನಮ್ಮ ಅದು?”

“ಮಾಡಿದವರ ಹೆಸರು ಮೇಡಂ,” ಅಂದಳು ಮೂರಕ್ಕ. ಹಲ್ಲನ್ನು ವಾಪಸ್ಸು ಜೇಬಿಗೆ ಹಾಕಿ ಟಿಚ್ ಒತ್ತಿದಳು.

“ನಿಜ ಹೇಳ್ಬೇಕು, ನಿಜ,” ಎಂದು ಟೇಪಣ್ಣ ರಿಜಿಸ್ಟರು ಬಿಚ್ಚಿದ. “ಜೋರಾಗಿ.”

ಅವಳು ಆನೆಯ ಪಟ್ಟೆಪಟ್ಟೆ ಕಿವಿಗೆ ಬಾಯಿ ಹತ್ತಿರ ತಂದಳು. “ಹೊಲಿಗೆ ಆಯ್ತು. ಮನೆಗೆ ಹೋಗೋಣ,” ಅಂದಳು.

ಟೇಪಣ್ಣ ಬರೆದುಕೊಂಡ. ಸಹಿ ಹಾಕಿದ. ಮೂರಕ್ಕ ಊಟದ ಚೀಲ ತೆರೆದು, ಡಬ್ಬಿಯ ಪಕ್ಕ ಆನೆಯನ್ನು ಸೊಂಡಿಲು ಮೇಲೆ ಬರುವ ಹಾಗೆ ಇಟ್ಟು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಕ್ಯಾಮೆರಾ ಓಡುತ್ತಿತ್ತು. ಮೇಡಂ ಎರಡು ಕೈ ಚಾಚಿ, ನಗು ಹಾಗೇ ಉಳಿಸಿಕೊಂಡು, “ಇಲ್ಲಿ ಕೊಡಮ್ಮ,” ಅಂದರು. ಮೂರಕ್ಕ ಅಲ್ಲಾಡಲಿಲ್ಲ. ಮೇಡಂ ರಟ್ಟಿನ ಪೆಟ್ಟಿಗೆಗಳ ಕಡೆ ಕಣ್ಣು ಹೊರಳಿಸಿದರು. “ನಿನ್ನ ಮಗಳಿಗೆ ಅದ್ರಲ್ಲಿ ಯಾವುದು ಬೇಕೋ ಆರಿಸ್ಕೋ. ಎರಡು ತಗೋ. ಹೊಸವು.”

“ಇನ್ನೂರರಲ್ಲಿ ಯಾವುದಕ್ಕೂ ಹಲ್ಲಿಲ್ಲ ಮೇಡಂ.”

“ತಗೋ ಅವಳ ಚೀಲ,” ಅಂದರು ಮೇಡಂ ಟೇಪಣ್ಣನಿಗೆ, ನಗು ಈಗ ಸ್ವಲ್ಪ ಸೊಟ್ಟ. ಟೇಪಣ್ಣ ಒಂದು ಹೆಜ್ಜೆ ಮುಂದಿಟ್ಟ. ಒಂದಜ್ಜಿ ತನ್ನ ಸ್ಟೂಲನ್ನು ಕಿರ್ರೆಂದು ಎಳೆದು ದಾರಿಯಲ್ಲಿ ಹಾಕಿಕೊಂಡು ಕೂತಳು. ನಾನೂ ನನ್ನದನ್ನು ಎಳೆದೆ. ಅವನು ಅಲ್ಲೇ ನಿಂತು, ಕೊರಳಿನ ಟೇಪಿನ ಎರಡು ತುದಿ ಹಿಡಿದುಕೊಂಡ.

“ಕೊಟ್ಬಿಡು,” ಅಂದ ಮೆಲ್ಲಗೆ.

“ಕೊಡಲ್ಲ,” ಅಂದಳು ಮೂರಕ್ಕ.